ಅಕ್ಕೋರ ಕೈಗಡಿಯಾರ

ಅಕ್ಕೋರ ಎಡ ಮುಂಗೈ ಮೇಲೆ ಅರ್ಧಚಂದ್ರಾಕಾರದ ಕಲೆಯೊಂದಿತ್ತು. ಅದು ನನ್ನ ಹಲ್ಲಿನ ಗುರುತು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಶಾಲೆಯಲ್ಲಿ ಅವರು ಮೊದಲ ಸಲ ನನ್ನ ತಲೆ ಸವರಲು ಬಂದಾಗ ಕಚ್ಚಿದ್ದೆ. ನನಗಾಗ ಒಂಬತ್ತು ವರ್ಷ. ಅವರು ಕೈ ಕಿತ್ತುಕೊಳ್ಳಲಿಲ್ಲ. "ಬಿಡಬೇಕನಿಸಿದಾಗ ಬಿಡವಾ" ಎಂದರು.

ಧಾರವಾಡದ ಕಡೆಯವರು, ಕಲ್ಯಾಣದಲ್ಲಿ ಮನೆ. ಟೀಚರಿಗೆ ಅನ್ನುವಂತೆ ಅಕ್ಕೋರು ಅನ್ನುತ್ತಿದ್ದೆವಾದರೂ ಅವರು ಪಾಠ ಹೇಳುವವರಲ್ಲ, ಮಕ್ಕಳ ಮನಸ್ಸಿನ ಚಿಕಿತ್ಸೆ ಕಲಿತವರು. ಪ್ರತಿ ಶನಿವಾರ ಬಂದು, ಕದಿಯುವ, ಹೊಡೆಯುವ ನಮ್ಮಂಥವರ ಜೊತೆ ನೆಲದ ಮೇಲೆ ಕೂತು ಗೊಂಬೆಯಾಡುತ್ತಿದ್ದರು. ನಾನು ಆಡುತ್ತಿದ್ದುದು ಒಂದೇ ಆಟ: ತಾಯಿ ಗೊಂಬೆಯನ್ನು ಮೇಜಿನಿಂದ ಕೆಡವುವುದು. ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ನನ್ನವ್ವ ಮಹಡಿಯಿಂದ ಬಿದ್ದು ಸತ್ತಾಗ, ನಾಲ್ಕು ವರ್ಷದ ನಾನು ಕೆಳಗೆ ಮರಳಲ್ಲಿ ಆಡುತ್ತಿದ್ದೆ. ಆಮೇಲೆ ಅಪ್ಪ ಕೆಲಸಕ್ಕೆ ಹೋಗುವಾಗ ನನ್ನನ್ನು ಖೋಲಿಯೊಳಗಿಟ್ಟು ಬೀಗ ಹಾಕುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕೋರು ಬಿದ್ದ ಗೊಂಬೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು ಕಾಯುತ್ತಿದ್ದರು.

ಒಂದು ಶನಿವಾರ ಅವರು ಬೇರೊಬ್ಬ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ನಾನು ಅವರ ಕೈಗಡಿಯಾರ ಕದ್ದು, ಕಸ ಗುಡಿಸುವ ಮಾವಶಿಯ ಚೀಲಕ್ಕೆ ಹಾಕಿದೆ. ಹೆಡ್‌ಮಾಸ್ತರರು ಎಲ್ಲರೆದುರು ಆ ಚೀಲ ಸುರುವಿದರು. ಮಾವಶಿ ದೇವರಾಣೆ ಮಾಡಿ ಅತ್ತಳು. ಆಕೆ ಕದ್ದಿಲ್ಲವೆಂದು ಅಕ್ಕೋರು ಎಷ್ಟು ಹೇಳಿದರೂ ಕೇಳದೆ ಹೆಡ್‌ಮಾಸ್ತರರು ಕೆಲಸದಿಂದ ತೆಗೆದರು. ನೋಡುತ್ತ ನಿಂತಿದ್ದ ನನಗೆ ಆಗ ಖುಷಿಯಾಗಿತ್ತು. ಇವತ್ತಿಗೂ ಹೇಳಲು ನಾಚಿಕೆಯಾಗುವುದು ಅದೇ.

ಅಕ್ಕೋರಿಗೆ ತಿಳಿದಿತ್ತು. ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: "ನೋಡವಾ, ನಿನಗಾದದ್ದಕ್ಕ ನೀ ಕಾರಣಲ್ಲ. ಆದ್ರ ಮಾವಶಿಗಾದದ್ದಕ್ಕ ನೀನ ಕಾರಣ. ಹೇಳೂದು ನಿನಗ ಬಿಟ್ಟೀನಿ. ನಾ ಜೋಡಿ ಬರ್ತೀನಿ."

ನಾನು ಹೇಳಲು ಹೋಗಲಿಲ್ಲ. ಮುಂದಿನ ಶನಿವಾರವೂ ಅವರು ಗೊಂಬೆಗಳನ್ನು ತಂದರು. ನಾನು ಓದು ಮುಗಿಸುವವರೆಗೂ ಬೆನ್ನ ಹಿಂದೆ ನಿಂತರು. ಈಗ ನಾನು ವಾಶಿಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ನರ್ಸು.

ಹೋದ ವರ್ಷ ಅಕ್ಕೋರು ತೀರಿಕೊಂಡ ಸುದ್ದಿ ಕೇಳಿ ಕಲ್ಯಾಣಕ್ಕೆ ಓಡಿದೆ. ಬಾಗಿಲು ತೆಗೆದದ್ದು ಮಾವಶಿ. ಶಾಲೆಯ ಕೆಲಸ ಹೋದ ವಾರವೇ ಅಕ್ಕೋರು ಅವಳನ್ನು ಮನೆಗೆಲಸಕ್ಕೆ ಕರೆದುಕೊಂಡಿದ್ದರಂತೆ. "ಬಾಯಿಂಚೀ ಲಾಡಕೀ ನಾ ತೂ?" ಅಕ್ಕೋರ ಮುದ್ದಿನವಳಲ್ಲವೇ ನೀನು ಎನ್ನುತ್ತ ನನ್ನ ಗಲ್ಲ ಹಿಡಿದಳು. ತಡೆಯಲಾಗಲಿಲ್ಲ. ಮರಾಠಿಯಲ್ಲೇ ಹೇಳಿಬಿಟ್ಟೆ: ಗಡಿಯಾರವನ್ನು ನಿನ್ನ ಚೀಲಕ್ಕೆ ಹಾಕಿದ್ದು ನಾನು.

ಅವಳ ಕೈ ಕೆಳಗಿಳಿಯಿತು. ಒಂದೇ ಮಾತು ಕೇಳಿದಳು. "ಬಾಯಿಂನಾ ಮಾಹೀತ ಹೋತಂ?" ಅಕ್ಕೋರಿಗೆ ಗೊತ್ತಿತ್ತೇ?

ಹೌದೆಂದೆ.

ಮಾವಶಿ ಅಲ್ಲೇ ನೆಲಕ್ಕೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಅವಳು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ.