ಒಂದೇ ಸಲ ಬಂದ ಸಂಬಳ

ನಾದಸ್ವರದವರನ್ನು ಒಂದು ಅಂಗೈ ಎತ್ತಿ ನಿಲ್ಲಿಸಬಲ್ಲ ಹೆಂಗಸು ನಾನು ಕಂಡಂತೆ ಒಬ್ಬಳೇ: ನನ್ನ ಅಪ್ಪನ ಅಕ್ಕ, ಉತ್ತಮಪಾಳಯದ ರಂಗಮ್ಮತ್ತೆ.

ನಮ್ಮವು ನೂರಾರು ವರ್ಷಗಳ ಹಿಂದೆ ತಮಿಳುನಾಡಿನ ಕಂಬಂ ಕಣಿವೆಗೆ ಬಂದು ಬೇಸಾಯ ಹಿಡಿದ ಕನ್ನಡ ಕುಟುಂಬಗಳು. ಈಗ ಸಂತೆ, ಶಾಲೆ, ಜಗಳ ಎಲ್ಲವೂ ತಮಿಳಿನಲ್ಲೇ. ಆದರೆ ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸುವ ಮೊದಲು ಹೆಣ್ಣಿನ ಕಡೆಯವರು ಮಾತು ಕೊಡುವುದು ಮಾತ್ರ ಮನೆಮಾತಿನಲ್ಲೇ ಆಗಬೇಕು. ಆ ಏಳೆಂಟು ಸಾಲು ತಪ್ಪಿಲ್ಲದೆ ಬಲ್ಲವರು ಕಡಿಮೆಯಾದ ಹಾಗೆ ಅತ್ತೆಯನ್ನು ಕರೆದೊಯ್ಯಲು ತೇವಾರಂನಿಂದ, ಆಂಡಿಪಟ್ಟಿಯಿಂದ ಕಾರು ಬರತೊಡಗಿತು. ಹೆಣ್ಣಿನ ತಂದೆ ಅವಸರಕ್ಕೆ ತಮಿಳಿನಲ್ಲಿ "ಸಮ್ಮದಂ" ಅಂದುಬಿಟ್ಟರೆ ಅತ್ತೆಯ ಅಂಗೈ ಮೇಲೇಳುತ್ತಿತ್ತು. ಮೇಳ ಗಪ್ಪಾಗುತ್ತಿತ್ತು.

"ಅದು ಬರೀ ಪೇಚು, ಬಾಯ್ಮಾತು, ತಮ್ಮಾ. ಮಾತು ಕೊಡು. ನಾನ್ ಸೊಲ್ಲಿದಂಗೆ ಸೊಲ್ಲು."

ಎಂಥ ದೊಡ್ಡ ವ್ಯಾಪಾರಿಯಾದರೂ ಮಗ್ಗಿ ಒಪ್ಪಿಸುವ ಮಗುವಿನಂತೆ ತುಂಡು ತುಂಡಾಗಿ ಹೇಳಬೇಕು. ನಡುವೆ ದನಿ ಉಡುಗಿದರೆ ಮತ್ತೆ ಮೊದಲಿನಿಂದ. ಇಷ್ಟಕ್ಕೆ ಅವಳಿಗೆ ಸಿಗುತ್ತಿದ್ದುದು ವೀಳ್ಯದೆಲೆ, ರವಿಕೆ ಕಣ, ಎರಡು ಬಾಳೆಹಣ್ಣು. "ನನ್ ತೋಟದ್ ಹಣ್ಣ ನಂಗೇ ಕೊಡ್ತಾರೆ, ಪಾವಂ" ಎಂದು ನಗುತ್ತಿದ್ದಳು.

ಶಾಲೆಯಲ್ಲೂ ಕಾನೂನು ಕಾಲೇಜಿನಲ್ಲೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರ ವಾಕ್ಯ ಮುಗಿಯುವ ಮೊದಲೇ ಅದರ ಬಿರುಕು ಹುಡುಕುವುದು ನನ್ನ ಅಭ್ಯಾಸ. ಹದಿನೇಳರ ವಯಸ್ಸಿನಲ್ಲಿ, ಒಂದು ನಿಶ್ಚಿತಾರ್ಥದ ತುಂಬಿದ ಪಂದಲಿನಲ್ಲೇ ಕೇಳಿದ್ದೆ: "ತಮಿಳಲ್ಲಿ ಹೇಳಿದರೆ ಮದುವೆ ಉಳಿಯಲ್ವಾ ಅತ್ತೆ? ಉಳಿದಿರೋ ಮದುವೆ ಎಷ್ಟು ಬೇಕು, ತೋರಿಸ್ತೀನಿ."

"ಯಾಕ್ ಉಳಿಯಲ್ಲ ಕಣ್ಣು?" ಮುದ್ದಿಗೆ ಅವಳು ನನ್ನನ್ನು ಕರೆಯುತ್ತಿದ್ದುದೇ 'ಕಣ್ಣು' ಎಂದು. "ಚೆಂದಾಗಿ ಉಳೀತದೆ. ಆದ್ರೆ ನಿಮ್ಮಪ್ಪ ಮಂಡೀಲಿ ಬಾಳೆಕಾಯ್ ಮಾರ್ವಾಗ ದಿನಾ ನೂರು ಸುಳ್ಳು ಸೊಲ್ತಾನಲ್ಲ, ಅದು ಯಾವ್ ಭಾಷೇಲಿ?"

ಪಂದಲು ನಕ್ಕಿತು. ಅಪ್ಪನೂ ನಕ್ಕರು. ಅದು ವಾದವೇ ಅಲ್ಲ, ಚಪ್ಪಾಳೆ ಗಿಟ್ಟಿಸುವ ತಂತ್ರ ಎಂದು ನಾನು ವಾರವೆಲ್ಲ ಸಿಟ್ಟಾಗಿದ್ದೆ.

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ ಅವಳಿಗೊಂದು ಕೆಲಸ ಬಂತು. ಯಂತ್ರಗಳಿಗೆ ಭಾಷೆ ಕಲಿಸುವ ಯಾವುದೋ ಕಂಪನಿಯವರು ನಮ್ಮ ಮನೆಮಾತಿನ ದನಿ ಹುಡುಕುತ್ತ ಬಂದಿದ್ದರು. ನಲವತ್ತು ದಿನ ಅತ್ತೆ ತೇನಿಯ ಬಸ್ಸು ಹತ್ತಿ ಹೋಗಿ, ಗೋಡೆಗೆಲ್ಲ ಮೆತ್ತೆ ಹೊಡೆದ ಸಣ್ಣ ಕೋಣೆಯಲ್ಲಿ ಕೂತು ಮಾತಾಡಿದಳು. ಕಾಣುವವರು ಯಾರೂ ಇಲ್ಲದಿದ್ದರೂ ದಿನವೂ ರೇಷ್ಮೆ ಸೀರೆ. ಬೈಗುಳ, ಜೋಗುಳ, ಅಡುಗೆ, ಬಿತ್ತನೆ ಎಲ್ಲ ಹೇಳಿದಳಂತೆ. ನಿಶ್ಚಿತಾರ್ಥದ ಸಾಲು ಕೇಳಿದಾಗ ಮಾತ್ರ ಬಾಯಿ ಬಿಗಿದಳು. "ಮಾತು ಕೊಡಾಕೆ ಎದ್ರುಗಡೆ ಆಳ್ ಬೇಕಲ್ಲಮ್ಮ, ಗೋಡೆಗ್ ಕೊಡ್ಲಾ?"

ಹಣ ಬ್ಯಾಂಕಿಗೆ ಬಂತು, ಹತ್ತನೇ ಒಂದು ಪಾಲು ತೆರಿಗೆ ಹಿಡಿದುಕೊಂಡು. ಅವಳ ಅಷ್ಟು ಕಡಿಮೆ ಆದಾಯಕ್ಕೆ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸಿದರೆ ಹಿಡಿದದ್ದು ವಾಪಸ್ಸು ಬರುತ್ತದೆ. ಮರುವರ್ಷದ ಜುಲೈಯಲ್ಲಿ ನಾನು ದಿಂಡಿಗಲ್‌ನಿಂದ ಲ್ಯಾಪ್‌ಟಾಪ್ ಹಿಡಿದು ಹೋದೆ. ದಿಂಡಿಗಲ್‌ನಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ನನ್ನದು. ತೆರಿಗೆ ತುಂಬುವ ಸಾಫ್ಟ್‌ವೇರ್‌ಗೆ ವಕೀಲರೇನೂ ಬೇಕಿಲ್ಲ. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ, ನಾವು ಹೌದು ಅಥವಾ ಇಲ್ಲ ಒತ್ತುತ್ತೇವೆ. ಅತ್ತೆ ಜಗಲಿಯಲ್ಲಿ ಪಕ್ಕಕ್ಕೇ ಬಂದು ಕೂತಳು. ಪ್ರತಿ ಪ್ರಶ್ನೆಯನ್ನೂ ಓದಿ ಹೇಳಬೇಕೆಂದಳು.

"ಈ ಹಣ ನಿಮ್ಮ ವೃತ್ತಿಯಿಂದ ಬಂದದ್ದಾ ಅಂತ ಕೇಳ್ತಿದೆ" ಎನ್ನುತ್ತಲೇ ಒತ್ತಿಬಿಟ್ಟೆ.

"ಏನೊತ್ದೆ?"

"ಇಲ್ಲ ಅಂತ."

"ಯಾಕಿಲ್ಲ?"

"ಒಂದೇ ಸಲ ಬಂದ ದುಡ್ಡಲ್ವಾ ಅತ್ತೆ. 'ಇತರೆ ಮೂಲ' ಅಂತ ಒಂದು ಭಾಗ ಇದೆ, ಅಲ್ಲಿ ಹಾಕಿದರೆ ಸಾಕು."

"ಅಲ್ಲಿ ಬೇರೆ ಏನೇನಿರ್ತದೆ?"

"ಬ್ಯಾಂಕಿನ ಬಡ್ಡಿ, ಬಹುಮಾನದ ದುಡ್ಡು, ಅಂಥದ್ದು."

"ಬಡ್ಡಿ ಸುಮ್ಕೆ ಕುಂತ್ರೂ ಬೆಳೀತದೆ. ನಾನ್ ಸುಮ್ಕೆ ಕುಂತಿದ್ನಾ? ನಲವತ್ ದಿನ ಗಂಟ್ಲು ಕಟ್ಟೋಗಿತ್ತು."

ನಾನು ವಕಾಲತ್ತು ಶುರು ಮಾಡಿದೆ. ವೃತ್ತಿ ಎಂದರೆ ಮತ್ತೆ ಮತ್ತೆ ಮಾಡುವುದು. ಒಂದು ಸಲ ಹಾವು ಹೊಡೆದವನನ್ನು ಯಾರೂ ಹಾವಾಡಿಗ ಅನ್ನುವುದಿಲ್ಲ. ಯಾವ ಭಾಗದಲ್ಲಿ ಹಾಕಿದರೂ ತೆರಿಗೆ ಸೊನ್ನೆಯೇ, ಹಾಗಿರುವಾಗ ಈ ಹಟಕ್ಕೆ ಅರ್ಥವಿಲ್ಲ.

ಅತ್ತೆ ಪರದೆಯ ಮೇಲೆ ಬೆರಳಿಟ್ಟಳು. "ನಲವತ್ ವರ್ಷ ಊರೂರ್ ತಿರುಗಿ ಮಾಡ್ದೆ. ಕಾಸು ಒಂದೇ ಸಲ ಕೊಟ್ರು. ಅದು ನನ್ ತಪ್ಪಾ? ಕೆಲ್ಸ ಅಂತ್ಲೇ ಬರಿ, ಕಣ್ಣು. ಒಂದ್ ಕಾಗ್ದದಲ್ಲಾದ್ರೂ ಇರ್ಲಿ."

"ದುಡ್ಡು ಬರದೆ ಮಾಡಿದ್ದು ಸೇವೆ ಅತ್ತೆ, ವೃತ್ತಿ ಅಲ್ಲ."

"ಸರಿ, ನೀ ಓದ್ದೋಳು. ಒತ್ತು" ಎಂದಳು. ಸಹಿಯ ಬದಲು ಫೋನಿಗೆ ಬಂದ ಅಂಕಿಗಳನ್ನು ಓದಿ ಹೇಳಿದಳು. ರಿಟರ್ನ್ ಹೋಯಿತು. ಪಂದಲಿನ ಹಳೆಯ ಬಾಕಿ ತೀರಿತು ಎಂಬ ಸಣ್ಣ ಖುಷಿಯೂ ಆಯಿತು ನನಗೆ, ಸುಳ್ಳೇಕೆ ಹೇಳಲಿ.

ತಿಂಗಳೊಳಗೆ ಹಣ ವಾಪಸ್ಸು ಬಂತು. ಸೆಪ್ಟೆಂಬರಿನಲ್ಲಿ, ನಮ್ಮ ಕಚೇರಿಯ ಮಹಡಿಯ ಮೇಲಿದ್ದ ಆಡಿಟರ್ ಒಬ್ಬರ ಮುಂದೆ ಈ ವಾದವನ್ನು ಬಡಾಯಿಯಾಗಿ ಹೇಳಿಕೊಂಡೆ. ಅವರು ನಗಲಿಲ್ಲ. "ಕೊಟ್ಟವರು ಏನಂತ ತೋರಿಸಿ ತೆರಿಗೆ ಹಿಡಿದಿದ್ದಾರೆ, ನೋಡಿದೆಯಾಮ್ಮ?"

ನೋಡಿರಲಿಲ್ಲ. ಎಲ್ಲರ ಬಳಿಯೂ ಪುರಾವೆ ಕೇಳುವ ನಾನು ಒಂದು ಪುಟ ಹಿಂದಕ್ಕೆ ಹೋಗಿರಲಿಲ್ಲ. ತೆರೆದು ನೋಡಿದರೆ ಅಲ್ಲಿತ್ತು: ವೃತ್ತಿ ಶುಲ್ಕ.

"ಅವರೇ ವೃತ್ತಿ ಅಂದಿದ್ದಾರೆ. ಅಲ್ಲ ಅಂದವಳು ನೀನೊಬ್ಬಳೇ" ಎಂದರು ಆಡಿಟರ್.

ಅಂದೇ ಅತ್ತೆಗೆ ಫೋನ್ ಮಾಡಿದೆ. ಹಂಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡು ಸಲ ಕೇಳಿದಳು, "ಅವ್ರೇ ಹಂಗ್ ಬರ್ದವ್ರಾ? ಅವ್ರೇನಾ?" ಆಮೇಲೆ ಮೆಲ್ಲಗೆ, "ತಿದ್ದಾಕ್ ಆಯ್ತದಾ?"

"ಡಿಸೆಂಬರ್ ಕೊನೆಯವರೆಗೂ ತಿದ್ದಬಹುದು."

"ತಿದ್ದು ಕಣ್ಣು. ಬಂದ್ ಕಾಸು ವಾಪಸ್ ಕೇಳುದ್ರೂ ಕೊಟ್ಬುಡ್ತೀನಿ."

ವಾಪಸ್ಸು ಕೊಡಬೇಕಾಗಿರಲಿಲ್ಲ. ಅರ್ಧ ಗಂಟೆಯ ಕೆಲಸ, ಫೋನಿನಲ್ಲೇ ಅಂಕಿ ಕೇಳಿಕೊಂಡು ಮುಗಿಸಬಹುದಿತ್ತು. ಕೋರ್ಟಿನ ಕೆಲಸ ಎಂದು ಮುಂದೂಡಿದೆ. ಕೋರ್ಟಿನ ಕೆಲಸ ಇದ್ದದ್ದು ನಿಜ. ಸೋತ ವಾದವನ್ನು ಮತ್ತೆ ಬಿಚ್ಚಲು ಮನಸ್ಸಿರಲಿಲ್ಲ ಎನ್ನುವುದು ಅದಕ್ಕಿಂತ ನಿಜ.

ದೀಪಾವಳಿಗೆ ಹೋದೆ, ಲ್ಯಾಪ್‌ಟಾಪ್ ಒಯ್ಯದೆ. ಅತ್ತೆ ಎರಡು ದಿನವೂ ಆ ಮಾತೆತ್ತಲಿಲ್ಲ. ಹೊರಡುವಾಗ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು: "ಡಿಸೆಂಬರ್ ಅಂದ್ರೆ ಇನ್ನೆಷ್ಟ್ ದಿನ ಅದೆ?"

"ಬೇಕಾದಷ್ಟು ದಿನ ಇದೆ ಅತ್ತೆ."

ನಾವು ಆಡಿದ ಕೊನೆಯ ಮಾತು ಅದೇ. ಡಿಸೆಂಬರ್ ಮೊದಲ ವಾರ, ಬೆಳಗ್ಗೆ ಹಾಲು ಕಾಯಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ತೇನಿಯ ಆಸ್ಪತ್ರೆ ಮುಟ್ಟುವಷ್ಟೂ ಸಮಯ ಕೊಡಲಿಲ್ಲ.

ಕರ್ಮಗಳೆಲ್ಲ ಮುಗಿದ ದಿನ ಅತ್ತೆಯ ಮಗ ಮುರುಗೇಶ ಭಾವನ ಮುಂದೆ ವಿಷಯ ಇಟ್ಟೆ. ಅವರು ಅತ್ತೆಯ ಫೋನನ್ನು ನನ್ನ ಕೈಗಿಟ್ಟರು. ಫೋನ್ ಇದ್ದರೂ ಅವಳಾಗಿ ನಾನು ಸಹಿ ಮಾಡುವಂತಿರಲಿಲ್ಲ. ಇನ್ನು ಅದನ್ನು ತಿದ್ದಬೇಕಾದವರು ವಾರಸುದಾರರಾದ ಭಾವ, ಅದಕ್ಕೆ ಮರಣ ಪ್ರಮಾಣಪತ್ರ ಬೇಕು.

"ಈ ತಿಂಗ್ಳಲ್ಲಿ ಸಿಗೋ ಹಂಗಿಲ್ಲಮ್ಮ" ಎಂದರು ಭಾವ. "ಅರ್ಜಿ ಕೊಟ್ಟಿದ್ದೀನಿ, ನೋಡು." ತಮ್ಮ ಫೋನಿನಲ್ಲಿದ್ದ ಅರ್ಜಿಯ ಚಿತ್ರ ತೋರಿಸಿದರು. ಕಚೇರಿಯ ಗುಮಾಸ್ತರೇ ತಮಿಳಿನಲ್ಲಿ ತುಂಬಿದ್ದರು. ಹೆಸರು, ವಯಸ್ಸು, ಗಂಡನ ಹೆಸರು. ಅದರ ಕೆಳಗೆ ತೊಳಿಲ್, ಅಂದರೆ ಕಸುಬು. ಅದರ ಎದುರು: ಇಲ್ಲೈ.

"ಅಮ್ಮ ಏನ್ ಮಾಡ್ತಿದ್ರು ಅಂತ ಕೇಳ್ದ. ಮನೇಲಿದ್ರು ಅಂದ್ಬುಟ್ಟೆ. ನಂಗೆ ಆವಾಗ ಏನೂ ತೋಚ್ಲಿಲ್ಲ" ಎಂದು ಭಾವ ಮುಖ ಮುಚ್ಚಿಕೊಂಡರು.

ಪ್ರಮಾಣಪತ್ರ ಬರುವ ಹೊತ್ತಿಗೆ ಜನವರಿ. ತಿದ್ದುವ ಗಡುವು ಮುಗಿದಿತ್ತು. ಅತ್ತೆಗೆ ಕಸುಬಿಲ್ಲ ಎಂದು ಸರ್ಕಾರದ ಎರಡು ಕಾಗದಗಳು ಈಗ ಹೇಳುತ್ತವೆ. ಒಂದನ್ನು ಬರೆದ ಗುಮಾಸ್ತ ಅವಳನ್ನು ಕಂಡವನೇ ಅಲ್ಲ. ಇನ್ನೊಂದನ್ನು ಬರೆದವಳು ನಾನು.