ಮಗುವಿನ ತೂಕಕ್ಕೆ ಸೋಮಾರಿ ಚಿಪ್ಪು

ನಮ್ಮ ಮೇಡಂ ಕೊರಳಲ್ಲಿ ಮಾಂಗಲ್ಯದ ಪಕ್ಕದಲ್ಲೇ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿಯೊಂದು ತೂಗುತ್ತಿತ್ತು. ಎಲೆಕ್ಟ್ರಾನಿಕ್ ಚಿಪ್ಪಿನ ಬೆನ್ನ ಮೇಲಿನ, ಸಾಸಿವೆಗಿಂತ ಸಣ್ಣ ಅಕ್ಷರ ಓದಲು ಅದು ಬೇಕು. ಮದುವೆಮನೆಗೂ ಹಾಗೇ ಹೋಗುತ್ತಿದ್ದರು, ಪುಣ್ಯಾತ್ಗಿತ್ತಿ!

ರಾಜಾಜಿನಗರದಲ್ಲಿ ಅವರದೊಂದು ಪುಟ್ಟ ಕಾರ್ಖಾನೆ. ತೂಕದ ಯಂತ್ರ ಮಾಡುತ್ತಿದ್ದೆವು. ತಟ್ಟೆಯ ಮೇಲೆ ಭಾರ ಬಿದ್ದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅಂಕಿಯಾಗಿಸುವ ಚಿಪ್ಪಿಗೆ ಎಡಿಸಿ ಅನ್ನುತ್ತಾರೆ. ಅದನ್ನು ಆರಿಸುವುದೆಂದರೆ ಮೇಡಂಗೆ ಮಗಳಿಗೆ ಗಂಡು ನೋಡಿದ ಹಾಗೆ.

"ಹುಡುಗ ಚುರುಕಾಗಿದಾನೆ ಅಂತ ಕೊಟ್ಬಿಡ್ತೀಯೇನೇ? ಮನೆಗೆ ಹೊಂದ್ಕೋಬೇಕು ಕಣೇ!" ಎಂದು ನನ್ನನ್ನು ಗದರುತ್ತಿದ್ದರು.

ಅತ್ತಿಗುಪ್ಪೆಯ ನರ್ಸಿಂಗ್ ಹೋಮ್ ಒಂದರಲ್ಲಿ ಹಸುಗೂಸು ತೂಗುವ ಯಂತ್ರ ಕೆಟ್ಟು ಕೂತಿತ್ತು. ಹೊಸದು ಮಾಡುವ ಕೆಲಸ ನಮಗೆ ಬಂತು. ಸೆಕೆಂಡಿಗೆ ಸಾವಿರಾರು ಸಲ ಅಳೆಯುವ ಚಿಪ್ಪೇ ಬೇಕೆಂದು ನಾನು ಹಟ ಹಿಡಿದೆ. "ಹಾಕ್ ನೋಡು, ಬುದ್ಧಿ ಬರತ್ತೆ" ಎಂದರು ಮೇಡಂ.

ಯಂತ್ರ ಹೊತ್ತು ಇಬ್ಬರೂ ಹೋದೆವು. ಅಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಗುವಿತ್ತು. ಎರಡು ಕೆಜಿ ದಾಟಿದರೆ ಮನೆಗೆ ಕಳಿಸುತ್ತೇವೆ ಎಂದಿದ್ದರಂತೆ ಡಾಕ್ಟರು. ತಟ್ಟೆಯಲ್ಲಿ ಮಲಗಿಸಿದ್ದೇ ತಡ, ಮಗು ಕಾಲು ಝಾಡಿಸಿತು. ಅಂಕಿ ಎರಡರ ಮೇಲೆ ಹಾರಿತು, ಕೆಳಗೆ ಬಿತ್ತು, ಮತ್ತೆ ಹಾರಿತು. ತಾಯಿಯ ಮುಖವೂ ಅದರ ಜೊತೆಗೇ ಅರಳುತ್ತಿತ್ತು, ಬಾಡುತ್ತಿತ್ತು.

"ಮನೆಗ್ ಹೋಗ್ಬಹುದಾ ಸಿಸ್ಟರ್?" ಎಂದಳು.

ಸಿಸ್ಟರ್ ನನ್ನ ಕಡೆ ನೋಡಿದರು.

"ಮಗು ಒದೀತಾ ಇದೆ ಮೇಡಂ" ಎಂದೆ ನಾನು.

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ! ಮಗು ಒದೀದೆ ಇನ್ನೇನ್ ಮಾಡತ್ತೆ, ಪಾಠ ಒಪ್ಪಿಸತ್ತಾ?" ಎಂದರು ಮೇಡಂ. ಸಿಸ್ಟರ್ ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಮೇಡಂ ಆರಿಸಿದ್ದು ಒಂದು ಸೋಮಾರಿ ಚಿಪ್ಪು. ಒದೆತವನ್ನೆಲ್ಲ ನುಂಗಿಕೊಂಡು, ಸರಾಸರಿ ತೆಗೆದು, ನಿಧಾನವಾಗಿ ಬಾಯಿ ಬಿಡುವಂಥದ್ದು. ಯಂತ್ರದೊಳಗಿನ ಬೋರ್ಡು ಬದಲಿಸಿಕೊಂಡು ಮತ್ತೆ ಹೋದೆವು. ಮಗು ಈ ಸಲವೂ ಚೆನ್ನಾಗಿಯೇ ಒದೆಯಿತು. ಅಂಕಿ ಮೆಲ್ಲಗೆ ಏರಿ, ಎರಡು ಕೆಜಿ ದಾಟಿ, ಗಟ್ಟಿಯಾಗಿ ನಿಂತಿತು.

"ನಿಂತ್ಕೊಂತು! ನಿಂತ್ಕೊಂತು!" ಎಂದು ತಾಯಿ ಮೇಡಂ ಕೈ ಹಿಡಿದುಕೊಂಡಳು. ನಮ್ಮನ್ನೆಲ್ಲ ದಿನವಿಡೀ ಬೈಯುತ್ತಿದ್ದ ಮೇಡಂ ಗಳಗಳ ಅತ್ತುಬಿಟ್ಟರು. ಸಂಜೆ ತಾಯಿ ಮಗು ಆಟೋ ಹತ್ತುವವರೆಗೂ ನಾವು ಗೇಟಿನಲ್ಲೇ ನಿಂತಿದ್ದೆವು.

ಮೇಡಂ ಹೋದ ವರ್ಷ ತೀರಿಕೊಂಡರು. ಈಗ ಚಿಪ್ಪು ಆರಿಸುವವಳು ನಾನು. ಯಾವುದೇ ಕೆಲಸ ಬರಲಿ, ಆ ಅಂಕಿ ನಿಲ್ಲುವುದನ್ನೇ ಕಾಯುತ್ತಾ ನಿಂತವರು ಯಾರು ಎಂದು ಮೊದಲು ಹೋಗಿ ನೋಡಿ ಬರುತ್ತೇನೆ.