ಗೊತ್ತಿಲ್ಲ ಎನ್ನದ ನಲವತ್ತನಾಲ್ಕು ಮಂದಿ

ನನ್ನದು ಸುಳ್ಳು ಹಿಡಿಯುವ ಕೆಲಸ. ಚುನಾವಣೆಗೆ ಮುಂಚೆ ಮನೆಮನೆಗೆ ಹೋಗಿ ‘ಈ ಸಲ ಯಾರಿಗೆ ಮತ ಹಾಕ್ತೀರಿ’ ಎಂದು ಕೇಳಿ ಬರೆದುಕೊಳ್ಳುವವರು ಇರುತ್ತಾರಲ್ಲ, ಅವರು ನಿಜವಾಗಿ ಹೋಗಿ ಕೇಳಿದರೋ, ಇಲ್ಲ ಎಲ್ಲೋ ನೆರಳಲ್ಲಿ ಕೂತು ತಾವೇ ಗೀಚಿದರೋ ಎಂದು ಹಿಂದಿನಿಂದ ಹೋಗಿ ನೋಡುವವನು ನಾನು. ಆಫೀಸಿನಲ್ಲಿ ನನಗೆ ‘ಜರಡಿ’ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಮಾತ್ರ ಸಾರ್ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಜನ ಸುಳ್ಳು ಹೇಳುವುದರಲ್ಲೂ ಎಷ್ಟು ಸೋಮಾರಿಗಳು ಎಂಬುದು ನನಗೆ ಗೊತ್ತಿರುವಷ್ಟು ಪೊಲೀಸರಿಗೂ ಗೊತ್ತಿರಲಿಕ್ಕಿಲ್ಲ. ಒಬ್ಬ ಮಹಾನುಭಾವ ಒಂದೇ ಕಟ್ಟಡದ ಹದಿನಾರು ಮನೆಯಲ್ಲೂ ಗೃಹಿಣಿಯ ವಯಸ್ಸು ಮೂವತ್ತನಾಲ್ಕು ಎಂದು ಬರೆದಿದ್ದ. ಕೇಳಿದರೆ, “ನೋಡೋಕೆ ಹಾಗೇ ಕಾಣ್ತಾರೆ ಸಾರ್” ಅಂದ.

ಈಗ ಹೇಳಹೊರಟಿರುವುದು ಮಗ್ಗಿ ಟೀಚರ್ ವಿಷಯ. ಅವರನ್ನು ನಾನು ಮೊದಲು ನೋಡಿದ್ದು ತರಬೇತಿಯ ದಿನ. ಬಂದಿದ್ದವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿ ಖಾಲಿ ಕೂತಿದ್ದ ಹುಡುಗ ಹುಡುಗಿಯರು. ಅವರ ನಡುವೆ ಮೊದಲ ಸಾಲಿನಲ್ಲಿ ಅರವತ್ತು ದಾಟಿದ ಈ ಹೆಂಗಸು ನೆಟ್ಟಗೆ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನಮ್ಮವನೊಬ್ಬ ಬೋರ್ಡಿನ ಮೇಲೆ ಶೇಕಡಾವಾರು ಲೆಕ್ಕ ತಪ್ಪಾಗಿ ಬರೆದಾಗ ಎದ್ದು ಹೋಗಿ, ಅವನ ಕೈಯಿಂದ ಚಾಕ್ ತೆಗೆದುಕೊಂಡು, ಸರಿಮಾಡಿ ಬಂದು ಕೂತರು.

ಊರಿನ ಒಂದು ವಾರ್ಡಿನ ಶಾಲೆಯಲ್ಲಿ ಅವರು ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟವರು. ಸಂಜೆ ಗೇಟಿನ ಬಳಿ ನಿಂತು ಒಂದೊಂದು ಮಗುವಿನಿಂದಲೂ ಒಂದು ಮಗ್ಗಿ ಹೇಳಿಸಿಯೇ ಹೊರಗೆ ಬಿಡುತ್ತಿದ್ದರಂತೆ. ಹೆಸರು ಹಾಗೆ ಬಂತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಇದ್ದದ್ದು ಅವರು ಮತ್ತು ಅವರ ಯಜಮಾನರು. ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಕಿವಿ ಮಂದ. ಅಂಗಡಿ ಮುಚ್ಚಿದ ಮೇಲೂ ಮನೆಯ ಒಂದೇ ಗೋಡೆ ಗಡಿಯಾರವನ್ನು ವಾರಕ್ಕೊಮ್ಮೆ ಬಿಚ್ಚಿ ಜೋಡಿಸುತ್ತಿದ್ದರು. ಏನು ಹೇಳಿದರೂ “ಹೂಂ” ಅನ್ನುವ ಗಂಡನ ಜೊತೆ ಮೂರು ವರ್ಷ ಕಳೆದ ಟೀಚರ್, ಗ್ರಂಥಾಲಯದ ಗೋಡೆಯ ಮೇಲೆ ನಮ್ಮ ಪ್ರಕಟಣೆ ನೋಡಿ ಮಾರನೆಯ ದಿನವೇ ಅರ್ಜಿ ಹಾಕಿದರು. ಮತದಾರರ ಪಟ್ಟಿಯಿಂದ ಆರಿಸಿದ ನಲವತ್ತನಾಲ್ಕು ಹೆಸರು ಅವರ ಪಾಲಿಗೆ ಬಂತು. ಅದೇ ವಾರ್ಡು. ಒಂಬತ್ತೇ ದಿನದಲ್ಲಿ ಎಲ್ಲ ಫಾರಂ ತುಂಬಿ ತಂದುಕೊಟ್ಟರು. ಒಂದು ಕಾಟಿಲ್ಲ, ಚಿತ್ತಿಲ್ಲ. ಅಚ್ಚು ಹಾಕಿದ ಹಾಗಿತ್ತು.

ಅದೇ ಎಡವಟ್ಟಾಯಿತು. ನಮ್ಮ ಮೇಡಂ, ಅಂದರೆ ಅಂಕಿಗಳನ್ನೆಲ್ಲ ಕೂಡಿ ಕಳೆಯುವ ಮುಖ್ಯಸ್ಥೆ, ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟರು.

“ನೋಡಿ ಇದನ್ನ. ನಲವತ್ನಾಲ್ಕು ಜನ. ಒಬ್ರೂ ‘ಗೊತ್ತಿಲ್ಲ’ ಅಂದಿಲ್ಲ. ಬೇರೆಯವರ ಫಾರಮ್ಮಲ್ಲಿ ಐದಕ್ಕೆ ಒಬ್ರಾದ್ರೂ ಇರ್ತಾರೆ. ದೇವರನ್ನ ಕೇಳಿದ್ರೂ ಒಂದೆರಡಕ್ಕೆ ಗೊತ್ತಿಲ್ಲ ಅಂತಾನೆ!”

ಅದರ ಮೇಲೆ ನಲವತ್ತನಾಲ್ಕರಲ್ಲಿ ಮೂವತ್ತಮೂರು ಮಂದಿ ಒಬ್ಬನೇ ಅಭ್ಯರ್ಥಿಯ ಹೆಸರು ಹೇಳಿದ್ದರು. ಅವನು ಅದೇ ವಾರ್ಡಿನವನು, ಟೀಚರ ಹಳೆಯ ಶಿಷ್ಯ, ಕ್ಲಾಸ್ ಲೀಡರ್ ಆಗಿದ್ದವನು. ಮೇಡಂ ಪೆನ್ನಿನ ಕ್ಯಾಪ್ ಹಾಕಿದರು. “ಒಂದೋ ಕೂತಲ್ಲೇ ಬರೆದಿದ್ದಾರೆ, ಇಲ್ಲ ಅವನ ಕಡೆಯಿಂದ ಏನಾದ್ರೂ ತಗೊಂಡಿದ್ದಾರೆ. ಯಾವುದು ಅಂತ ನೋಡ್ಕೊಂಡು ಬನ್ನಿ.”

ಎರಡರಲ್ಲಿ ಯಾವುದಾದರೂ ಅವರ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ. ಆ ಪಟ್ಟಿ ಎಲ್ಲ ಸಮೀಕ್ಷೆ ಕಚೇರಿಗಳಿಗೂ ಹೋಗುತ್ತದೆ. ಆ ವಾರ್ಡಿನಿಂದಲೇ ಬಂದು ನಮ್ಮಲ್ಲಿ ಕೆಲಸ ಮಾಡುವ ಹುಡುಗರು ನಾಲ್ಕು ಜನ ಇದ್ದರು, ಸುದ್ದಿ ಒಂದು ದಿನದಲ್ಲಿ ಬೀದಿ ಸೇರುತ್ತಿತ್ತು. ಮೂವತ್ತೆರಡು ವರ್ಷ ಮಕ್ಕಳ ಕಾಪಿ ಹಿಡಿದವರು ತಾವೇ ಕಾಪಿ ಹೊಡೆದರು ಎಂದಾಗುತ್ತಿತ್ತು. ನನಗೇನು, ನಾನು ಇಂಥ ಹದಿನೆಂಟು ಹೆಸರನ್ನು ಆ ಪಟ್ಟಿಗೆ ಸೇರಿಸಿದವನು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೊದಲು ಸಿಕ್ಕವನು ಪಂಕ್ಚರ್ ಅಂಗಡಿಯವನು. ನಲವತ್ತರ ಆಸುಪಾಸು, ಮೊಣಕೈವರೆಗೆ ಗ್ರೀಸು. ಟೀಚರ್ ಬಂದಿದ್ದರೇ ಎಂದು ಕೇಳಿದೆ.

“ಬಂದಿದ್ರು ಸಾರ್. ಟ್ಯೂಬ್ ಕೆಳಗಿಟ್ಟು, ಕೈ ತೊಳ್ಕೊಂಡು ಬಂದು ಹೇಳ್ದೆ.”

“ಏನು ಹೇಳಿದ್ರಿ?”

“ಸರಿಯಾದ ಉತ್ತರಾನೇ ಹೇಳ್ದೆ.”

“ಸರಿಯಾದ ಉತ್ತರ ಅಂದ್ರೆ? ಇದೇನು ಪರೀಕ್ಷೆನಾ? ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ?”

“ನನ್ನ ಮನಸ್ಸಲ್ಲಾ?” ಅವನು ತಲೆ ಕೆರೆದುಕೊಂಡ. “ನನಗಿನ್ನೂ ಗೊತ್ತಿಲ್ಲ ಸಾರ್. ಆ ದಿನ ಬಂದಾಗ ನೋಡೋದು.”

“ಹಾಗಂತ ಅವರಿಗೇ ಹೇಳಬಹುದಿತ್ತಲ್ಲ ಮಾರಾಯ!”

“ಟೀಚರ್ ಮುಂದೆ ಗೊತ್ತಿಲ್ಲ ಅನ್ನೋದಾ?” ಎಂದು ಅವನು ನನ್ನನ್ನು ಬೇರೆ ಲೋಕದಿಂದ ಇಳಿದು ಬಂದವನ ಹಾಗೆ ನೋಡಿದ. “ಗೊತ್ತಿಲ್ಲ ಅನ್ನೋದಾದ್ರೆ ಸ್ಕೂಲಿಗೆ ಯಾಕೆ ಬಂದೆ, ಯೋಚನೆ ಮಾಡು, ಕಾಯ್ತೀನಿ ಅಂತಿದ್ರು. ಕಾಯೋರು ಸಾರ್! ಬೆಲ್ ಹೊಡೆದ್ರೂ ಕಾಯೋರು.”

ನಾಲ್ಕು ದಿನ ಅಲೆದೆ. ಮೂವತ್ತೆಂಟು ಮಂದಿ ಸಿಕ್ಕರು. ಟೀಚರ್ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಮೂರನೇ ಮಹಡಿಗೂ ಹತ್ತಿದ್ದರು, ಮನೆಯಲ್ಲಿಲ್ಲದವರಿಗಾಗಿ ಎರಡು ಮೂರು ಸಲ ಬಂದಿದ್ದರು. ಕೂತಲ್ಲೇ ಬರೆದರು ಎಂಬ ಮಾತು ಬಿದ್ದುಹೋಯಿತು. ಆದರೆ ಬ್ಯಾಂಕಿನ ಗುಮಾಸ್ತೆಯೊಬ್ಬಳು ಉತ್ತರ ಹೇಳುವ ಮೊದಲು ಕೂದಲು ಸರಿಮಾಡಿಕೊಂಡಿದ್ದಳು. ಬಸ್ ಕಂಡಕ್ಟರ್ ಒಬ್ಬ, ಹೇಳಿ ಮುಗಿಸಿ “ಸರಿನಾ ಟೀಚರ್?” ಎಂದು ಕೇಳಿದ್ದ. ತಾನು ಶಾಲೆಯ ಮುಖವನ್ನೇ ನೋಡದ ಒಬ್ಬ ಅಜ್ಜಿ, ಮಕ್ಕಳಿಬ್ಬರೂ ಟೀಚರ ಕೈಯಲ್ಲಿ ಓದಿದವರೆಂದು, ಆ ಮಕ್ಕಳ ಮರ್ಯಾದೆ ಉಳಿಸಲು ಥಟ್ಟನೆ ಒಂದು ಹೆಸರು ಹೇಳಿದ್ದಳು. ಇಷ್ಟೊಂದು ಜನ ಅದೇ ಹೆಸರನ್ನು ಯಾಕೆ ಹೇಳಿದರು ಎಂದು ಕೇಳಿದರೆ ಒಂದೇ ಉತ್ತರ. “ಅವನು ಟೀಚರ್ ಲೀಡರ್ ಮಾಡಿದ ಹುಡುಗ ಅಲ್ವಾ? ಅವರಿಗೆ ಖುಷಿಯಾಗ್ಲಿ ಅಂತ.” ನಾನು ಕೇಳಿದಾಗ ಈ ಮೂವತ್ತೆಂಟರಲ್ಲಿ ಹದಿಮೂರು ಮಂದಿ ಗೊತ್ತಿಲ್ಲ ಅಂದರು. ಆ ಲೀಡರನಿಗೆ ಉಳಿದದ್ದು ಹದಿನೈದು.

ಐದನೆಯ ದಿನ ಬೆಳಿಗ್ಗೆ ಟೀಚರ ಮನೆಗೆ ಹೋದೆ. ನಾನು ಬೀದಿ ಸುತ್ತುತ್ತಿರುವುದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಮೇಜಿನ ಮೇಲೆ ತಾವು ಹೋದ ದಿನ, ಹೊತ್ತು ಎಲ್ಲ ಬರೆದಿಟ್ಟ ನೋಟ್‌ಬುಕ್ ಸಿದ್ಧವಾಗಿತ್ತು. ಪಕ್ಕದ ಕೋಣೆಯಲ್ಲಿ ಯಜಮಾನರು ಗಡಿಯಾರ ಬಿಚ್ಚಿಕೊಂಡು ಕೂತಿದ್ದರು.

“ಕೇಳಿ, ಏನು ಕೇಳ್ತೀರೋ,” ಎಂದರು ಟೀಚರ್.

ಮೊದಲು ಆ ಅಭ್ಯರ್ಥಿಯ ಮಾತೆತ್ತಿದೆ. ಅವರ ಮುಖ ಕೆಂಪಾಯಿತು. “ಅವನಾ? ಏಳನೇ ಕ್ಲಾಸಲ್ಲಿ ಅಂಗೈ ಮೇಲೆ ಸೂತ್ರ ಬರ್ಕೊಂಡು ಬಂದು ನನ್ನ ಕೈಯಲ್ಲೇ ಸಿಕ್ಕಿಬಿದ್ದೋನು. ಎಲ್ಲರ ಕಣ್ಣಮುಂದೆ ಇದ್ರೆ ಕಾಪಿ ಹೊಡೆಯೋಕೆ ಆಗಲ್ಲ ಅಂತ ಲೀಡರ್ ಮಾಡ್ದೆ. ಯಾರಿಗೂ ಹೇಳ್ಲಿಲ್ಲ, ಮಗು ಅಂತ ಹೊಟ್ಟೆಗೆ ಹಾಕ್ಕೊಂಡೆ. ಅವನಿಗೆ ನಾನು ಮತ ಕೇಳ್ಲಾ?”

ನನಗೆ ನಗು ಬಂತು, ತಡೆದುಕೊಂಡೆ. ಆಮೇಲೆ ಜನ ನನಗೆ ಹೇಳಿದ್ದನ್ನು ಹೇಳಿದೆ. ಹೆಸರು ಹೇಳದೆ, ಅಂಕಿ ಮಾತ್ರ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನಿಮಗೆ ಸುಳ್ಳು ಹೇಳಿದ್ದಾರೆ,” ಎಂದರು.

“ನಂಗ್ಯಾಕೆ ಹೇಳ್ತಾರೆ ಟೀಚರ್? ನಾನ್ಯಾರೋ ಅವರ್ಯಾರೋ.”

“ಅದಕ್ಕೇ. ನೀವು ದಾರಿಹೋಕರು, ನಿಮಗೆ ಏನು ಹೇಳಿದ್ರೂ ನಡೆಯುತ್ತೆ. ಮೂಗು ಒರೆಸಿ ಬೆಳೆಸಿದ ಮಕ್ಕಳು ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳ್ತಾರಾ?”

ವಾದವೇನೋ ಗಟ್ಟಿಯಾಗಿಯೇ ಇತ್ತು. ಎರಡು ಉತ್ತರ ಇದ್ದರೆ ಎರಡನೆಯದೇ ನಿಜ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅವರು ಕೇಳಿದರು, “ನಿಮಗೆ ಇನ್ನೂ ಸಿಗದೇ ಇರೋರು ಎಷ್ಟು ಜನ?” ಆರು ಜನ ಅಂದೆ. ಪಟ್ಟಿ ತೆಗೆದುಕೊಂಡು ಬೆರಳಿಟ್ಟು ಹುಡುಕಿ ಒಂದು ಹೆಸರ ಮೇಲೆ ನಿಲ್ಲಿಸಿದರು. ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವವಳು.

“ಇವಳನ್ನ ಕೇಳಿ. ಲೆಕ್ಕ ತಪ್ಪಾದ್ರೂ ಪರವಾಗಿಲ್ಲ, ಪಕ್ಕದವಳ ಪುಸ್ತಕ ನೋಡಿದೋಳಲ್ಲ. ಇವಳು ಸುಳ್ಳು ಹೇಳಿದ್ರೆ ನೀವು ಏನು ಬೇಕಾದ್ರೂ ಬರ್ಕೊಳ್ಳಿ. ನಾನು ಹೊರಗೆ ಕಿಟಕಿ ಹತ್ರ ನಿಂತಿರ್ತೀನಿ.”

ಹಾಗೆ ಮಾಡುವಂತಿಲ್ಲ ಎಂದೆ. ಫಾರಂ ತುಂಬಿದವರು ಮರುಪ್ರಶ್ನೆಯ ಹತ್ತಿರವೂ ಸುಳಿಯಬಾರದು. ಅವರು ನನ್ನ ಮಾತಿಗೆ ಸೊಪ್ಪು ಹಾಕದೆ ಚಪ್ಪಲಿ ಹಾಕಿಕೊಂಡರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಯಾಕೆಂದರೆ ನನಗೂ ಕೇಳುವ ಆಸೆಯಿತ್ತು.

ಅಂಗಡಿ ಒಂದೇ ಕೋಣೆ. ಎರಡು ಹೊಲಿಗೆ ಮೆಷಿನ್ನು, ಗೋಡೆ ತುಂಬ ದಾರದ ಉಂಡೆ, ಓಣಿಯ ಕಡೆಗೆ ಸಣ್ಣ ಕಿಟಕಿ. ಟೀಚರ್ ಕಿಟಕಿಯ ಪಕ್ಕದಲ್ಲಿ, ಒಳಗಿನಿಂದ ಕಾಣದ ಹಾಗೆ ನಿಂತರು. ನಾನು ಒಳಗೆ ಹೋಗಿ ಗುರುತಿನ ಚೀಟಿ ತೋರಿಸಿದೆ. ಹೊಲಿಯುವವಳಿಗೆ ಮೂವತ್ತೆಂಟೋ ನಲವತ್ತೋ ಇರಬಹುದು. ತಮ್ಮನ ಮನೆಗೆ ಹೋಗಿ ಹಿಂದಿನ ದಿನ ವಾಪಸು ಬಂದಿದ್ದಳು. ಅಳತೆ ಪಟ್ಟಿ ಕೊರಳಲ್ಲಿ ಹಾಗೇ ಇತ್ತು.

“ಟೀಚರ್ ಬರ್ಕೊಂಡು ಹೋದ್ರಲ್ಲ?” ಎಂದಳು.

“ಬರ್ಕೊಂಡಿದ್ದಾರೆ. ಅದು ನಿಜಾನಾ ಅಂತ ಕೇಳೋದು ನನ್ನ ಕೆಲಸ.”

ಅವಳು ಕತ್ತರಿ ಕೆಳಗಿಟ್ಟಳು. “ಅಲ್ಲ,” ಅಂದಳು. “ನಿಜ ಹೇಳ್ಬೇಕು ಅಂದ್ರೆ ನನಗೆ ಹಾಕೋದೋ ಬೇಡ್ವೋ ಅನ್ನೋದೇ ಗೊತ್ತಿಲ್ಲ ಅಣ್ಣ.”

“ಮತ್ತೆ ಅವರಿಗೆ ಯಾಕೆ ಹಾಗೆ ಹೇಳಿದ್ರಿ? ಭಯಾನಾ?”

“ಬೇರೆಯವರಿಗೆ ಭಯ ಇರ್ಬಹುದು. ನನಗೆ ಅವರ ಭಯ ಯಾವತ್ತೂ ಇರ್ಲಿಲ್ಲ.” ಅವಳು ಮೆಷಿನ್ನಿನ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು. “ಈ ಸ್ಟೂಲ್ ಮೇಲೇ ಕೂತಿದ್ರು. ಮತ್ತೆ ಕೆಲಸ ಸಿಕ್ತು ಕಣೇ ಅಂತ ಹೇಳಿದ್ರು. ಎಷ್ಟು ಖುಷಿ ಇತ್ತು ಗೊತ್ತಾ ಅವರ ಮುಖದಲ್ಲಿ? ಪೆನ್ನು ಹಿಡ್ಕೊಂಡು ಕಾಯ್ತಾ ಇದ್ರು. ನನ್ನಿಂದ ಅವರ ಹಾಳೇಲಿ ಒಂದು ಜಾಗ ಖಾಲಿ ಉಳಿಯೋದು ಬೇಡ ಅನ್ನಿಸ್ತು. ಬಾಯಿಗೆ ಬಂದ ಹೆಸರು ಹೇಳ್ಬಿಟ್ಟೆ.” ಆಮೇಲೆ ತಲೆ ಎತ್ತಿ, “ಅವರಿಗೆ ಮಾತ್ರ ಹೇಳ್ಬೇಡಿ. ತುಂಬಾ ನೊಂದ್ಕೊಳ್ತಾರೆ,” ಎಂದಳು.

ಹೇಳುವುದಿಲ್ಲ ಎಂದೆ. ಹೊರಗೆ ಕೇಳಿಸುವಷ್ಟು ಹತ್ತಿರದಲ್ಲಿ ಅವರು ನಿಂತಿದ್ದಾಗ ನಾನು ಕೊಟ್ಟ ಮಾತು ಅದು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹೊರಗೆ ಬಂದರೆ ಟೀಚರ್ ಕಿಟಕಿಯ ಬಳಿ ಇರಲಿಲ್ಲ. ಓಣಿಯ ತುದಿಗೆ ಹೋಗಿ ನಿಂತಿದ್ದರು. ಅಳುತ್ತಿರಲಿಲ್ಲ, ಆದರೆ ಮುಖ ಬಾಡಿತ್ತು.

“ನಿಮ್ಮ ವರದೀಲಿ ಏನೇನು ಕಾರಣ ಇರುತ್ತೆ?” ಎಂದು ಕೇಳಿದರು.

ಹೇಳಿದೆ. ಒಂದು, ಮನೆಗೆ ಹೋಗಿಲ್ಲ. ಎರಡು, ಆಮಿಷಕ್ಕೆ ಒಳಗಾಗಿದ್ದಾರೆ. ಮೂರು, ಉತ್ತರದ ಮೇಲೆ ಪ್ರಭಾವ ಬಿದ್ದಿದೆ. ಮೂರನೆಯದಾದರೆ ಕಪ್ಪುಪಟ್ಟಿ ಇಲ್ಲ. ಆದರೆ ಫಾರಂಗಳೆಲ್ಲ ರದ್ದು, ಈ ಊರಲ್ಲಿ ಮತ್ತೆ ಕೆಲಸವೂ ಇಲ್ಲ. ನಾಲ್ಕನೆಯದು ‘ಲೋಪವಿಲ್ಲ’. ಅದನ್ನೇ ಹಾಕಿ ಮೇಡಂಗೆ ಏನಾದರೂ ಸಬೂಬು ಹೇಳುತ್ತೇನೆ ಎಂದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ ಮಾತು ಅದು.

“ಮೂರನೇದಕ್ಕೆ ಗುರುತು ಹಾಕಿ,” ಎಂದರು ಟೀಚರ್. “ತಪ್ಪು ಉತ್ತರಕ್ಕೆ ಅಂಕ ಕೊಟ್ಟೋಳಲ್ಲ ನಾನು.”

ಅವರ ಮನೆಯ ತಿರುವಿನವರೆಗೆ ನಡೆದೆವು. ಅಲ್ಲಿ ನಿಂತು, ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. “ನೋಡಪ್ಪಾ, ನಾನು ಕೇಳಿಸ್ಕೊಂಡೆ ಅಂತ ಅವಳಿಗೆ ಯಾವ ಕಾರಣಕ್ಕೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಆ ಹುಡುಗಿ ನನ್ನ ಮುಖ ನೋಡಲ್ಲ. ಮುಂದಿನ ವಾರ ಬಟ್ಟೆ ಹೊಲಿಸೋಕೆ ಬರ್ತೀನಿ ಅಂತ ಹೇಳಿದ್ದೀನಿ. ಹೋಗ್ಬೇಕು.”

ಮಧ್ಯಾಹ್ನ ಆಫೀಸಿಗೆ ಬಂದು ವರದಿ ತುಂಬಿದೆ. ಮೂರನೆಯ ಕಾರಣಕ್ಕೆ ಗುರುತು ಹಾಕಿದೆ. ಮೇಡಂ ನೋಡಿ, “ಅಂತೂ ಕಳ್ಳಿ ಅಲ್ಲ ಅನ್ನಿ,” ಎಂದರು. ಅಲ್ಲ ಎಂದೆ. ಕೆಳಗೆ ಸಹಿಗೆ ಮುಂಚೆ ಇನ್ನೊಂದು ಸಾಲು ಇತ್ತು. ಮರುಪ್ರಶ್ನೆ ಕೇಳುವಾಗ ಫಾರಂ ತುಂಬಿದವರು ಹತ್ತಿರದಲ್ಲಿದ್ದರೇ? ಆ ವಾರ್ಡಿನ ನಾಲ್ಕು ಹುಡುಗರು ಪಕ್ಕದ ಮೇಜಿನಲ್ಲೇ ಕೂತು ನನ್ನ ವರದಿಗಳನ್ನು ಕಂಪ್ಯೂಟರಿಗೆ ಹಾಕುವವರು. ಹೌದು ಎಂದು ಬರೆದರೆ ಸಂಜೆಯೊಳಗೆ ಹೊಲಿಯುವವಳ ಕಿವಿ ಮುಟ್ಟುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ ಎಂದು ಬರೆದು ಸಹಿ ಮಾಡಿದೆ.